ಒಂದೋ ಚಟ್ನಿ, ಇಲ್ಲಾ ಸಂಡೂರು

ಹೊಸಪೇಟೆಯ ನಮ್ಮ ಮನೆಗೆ ಹೊಸಬರು ಯಾರೇ ಬರಲಿ, ಮೊದಲು ಅವರ ಕಣ್ಣಿಗೆ ಬೀಳುವುದು ಅಡುಗೆಮನೆಯ ಕಿಟಕಿಯಿಂದ ಇಳಿಬಿದ್ದ ಕಿತ್ತಳೆ ಬಣ್ಣದ ವೈರು. ಹೆಬ್ಬೆರಳಿನ ದಪ್ಪದ ಈ ವೈರು ಮಿಕ್ಸಿಯ ಕಟ್ಟೆಯ ಮೇಲಿನ ಪ್ಲಗ್ಗಿನಿಂದ ಹೊರಟು, ಕಿಟಕಿಯ ಸರಳುಗಳ ನಡುವೆ ತೂರಿ, ಕರಿಬೇವಿನ ಟೊಂಗೆಯ ಮೇಲೆ ಒಂದಿಷ್ಟು ದಣಿವಾರಿಸಿಕೊಂಡು, ಅಂಗಳದಲ್ಲಿ ನಿಂತ ನನ್ನ ಎಲೆಕ್ಟ್ರಿಕ್ ಕಾರಿನ ಮೂಗಿಗೆ ಸೇರುತ್ತದೆ. ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ ರೋಗಿಯ ಹಾಗೆ ಕಾಣುತ್ತದೆ ಎನ್ನುವುದು ಪಕ್ಕದ ಮನೆಯ ಪದ್ಮಾಬಾಯಿಯವರ ಅಭಿಪ್ರಾಯ. ನನಗೇನೂ ಹಾಗೆ ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಮನೆ ಹಳೆಯದು, ದೊಡ್ಡ ಪ್ಲಗ್ಗು ಇರುವುದು ಅದೊಂದೇ. ಕಾರು ಚುಚ್ಚಿದರೆ ಮಿಕ್ಸಿ ಇಲ್ಲ, ಮಿಕ್ಸಿ ಚುಚ್ಚಿದರೆ ಕಾರು ಇಲ್ಲ. ಹಾಗಾಗಿ ನಮ್ಮಲ್ಲಿ ಒಂದು ಕಾನೂನು ಜಾರಿಯಲ್ಲಿದೆ: ಒಂದೋ ಚಟ್ನಿ, ಇಲ್ಲಾ ಸಂಡೂರು. ಎರಡೂ ಬೇಕೆಂದರೆ ಬೆಳಿಗ್ಗೆ ಬೇಗ ಏಳಬೇಕು. ಕಾರು ಕೊಟ್ಟ ಕಂಪನಿಯವರು ಅಂಗಳದ ಗೋಡೆಗೆ ಬೇರೆಯದೇ ಒಂದು ಚಾರ್ಜಿಂಗ್ ಪೆಟ್ಟಿಗೆ ಕೂರಿಸಿ ಕೊಡುತ್ತೇವೆ ಎಂದಿದ್ದರು. ಒಬ್ಬಾತ ಬಂದು, ಚಹಾ ಕುಡಿದು, ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಚೌಕ ಬರೆದು ಹೋದ. ಚೌಕ ಇನ್ನೂ ಇದೆ. ಮನೆಗೆ ಸುಣ್ಣ ಬಳಿಸುವಾಗಲೂ ಅಷ್ಟು ಜಾಗ ಬಿಡಿಸಿದ್ದೇನೆ, ನಾಳೆ ಬಂದರೆ ಗುರುತು ಸಿಗದೆ ಹೋದೀತು ಎಂದು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ವಿದ್ಯುತ್ತಿನ ಪಾಠ ಬಂತೆಂದರೆ ಗಂಟೆ ಹೊಡೆದದ್ದೂ ಕೇಳಿಸುವುದಿಲ್ಲ. ದೇಶಭಕ್ತಿಯೂ ನನಗೆ ಬೇಗ ಏರುತ್ತದೆ, ಕಾರಿನ ಬ್ಯಾಟರಿಯ ಹಾಗಲ್ಲ. ದಿಲ್ಲಿಯಲ್ಲಿ ಕುಂತವರು ಹೊಗೆಯಿಲ್ಲದ ಗಾಡಿ ಕೊಳ್ಳಿ, ದೇಶ ಕಟ್ಟಿ, ಹೆದ್ದಾರಿಯುದ್ದಕ್ಕೂ ಚಾರ್ಜಿಂಗ್ ಕೇಂದ್ರ ತೆರೆಯುತ್ತೇವೆ ಎಂದು ಟೀವಿಯಲ್ಲಿ ಹೇಳಿದ ವಾರವೇ ನಾನು ಷೋರೂಮಿನಲ್ಲಿದ್ದೆ. ಕೇಂದ್ರ ಒಂದನ್ನು ನಮ್ಮ ಹೆದ್ದಾರಿಯ ಬದಿಯಲ್ಲಿ ತೆರೆದದ್ದೂ ನಿಜ. ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ. ಕರೆಂಟು ಮಾತ್ರ ಇವತ್ತಿಗೂ ಬಂದಿಲ್ಲ. ಫಲಕದ ಮೇಲಿನ ಮುಖಗಳು ಬಿಸಿಲಿಗೆ ನೀಲಿಗಟ್ಟಿವೆ. ಅದರ ನೆರಳಲ್ಲಿ ಒಬ್ಬಾಕೆ ಸೌತೇಕಾಯಿ ಮಾರುತ್ತಾಳೆ, ಸೌತೇಕಾಯಿ ಚೆನ್ನಾಗಿರುತ್ತದೆ.

ಹೀಗಾಗಿ ದಿಲ್ಲಿಯವರ ಮೇಲಿನ ಸಿಟ್ಟು, ಕಾರು ಮಾಡುವವರ ಮೇಲಿನ ಸಿಟ್ಟು ನನ್ನಲ್ಲಿ ಒಂದೇ ಪಾತ್ರೆಯಲ್ಲಿ ಬೆಂದವು. ನೋಡಿ, ಇಬ್ಬರ ರೀತಿಯೂ ಒಂದೇ. ಕಾರಿನ ಪುಸ್ತಿಕೆಯಲ್ಲಿ ಒಮ್ಮೆ ಚಾರ್ಜು ಮಾಡಿದರೆ ಇಷ್ಟು ದೂರ ಓಡುತ್ತದೆ ಎಂದು ದಪ್ಪಕ್ಷರದಲ್ಲಿರುತ್ತದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಏರಿಲ್ಲದಿದ್ದರೆ, ಸೆಕೆಯಿಲ್ಲದಿದ್ದರೆ, ಎಸಿ ಹಾಕದಿದ್ದರೆ ಎಂದಿರುತ್ತದೆ. ಏರಿಲ್ಲದ, ಸೆಕೆಯಿಲ್ಲದ ಊರು ಬಳ್ಳಾರಿ ಸೀಮೆಯಲ್ಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಚುನಾವಣೆಯ ಪ್ರಣಾಳಿಕೆಗೂ ಅಂಥದೇ ಒಂದು ಇರುವೆ ಸಾಲು ಇರುತ್ತದೆ, ಅಚ್ಚು ಹಾಕಿಸಿರುವುದಿಲ್ಲ ಅಷ್ಟೆ. ಇಬ್ಬರಿಗೂ ಫೋನು ಮಾಡಿದರೆ ಮೊದಲು ನಿಮ್ಮ ಮಾತು ನಮಗೆ ಬಹಳ ಮುಖ್ಯ ಎನ್ನುತ್ತಾರೆ, ಆಮೇಲೆ ಸಂಗೀತ ಹಾಕುತ್ತಾರೆ.

ಈ ವಿಷಯದಲ್ಲಿ ನನ್ನ ಎದುರಾಳಿ ಪದ್ಮಾಬಾಯಿಯವರು. ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಆಚಾರವಂತ ವೈಷ್ಣವ ಮನೆತನ, ಬೆಳಗಿನ ಜಪ ಮುಗಿದದ್ದೇ ಕಾಂಪೌಂಡಿಗೆ ಬಂದು ನಿಲ್ಲುತ್ತಾರೆ. ಅವರ ಪಕ್ಷ ಅವರಿಗೆ ತವರುಮನೆ ಇದ್ದಂತೆ, ಒಂದು ಮಾತು ಆಡಗೊಡುವುದಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ನೀಲಿ ಕೋಟಿನ ಪಟ, ಅವರ ಮನೆಯಲ್ಲಿ ಗುರುಗಳ ಬೃಂದಾವನದ ಪಟ. ನಡುವಿನ ಗೋಡೆಯ ಮೇಲೆ ದಿನಪತ್ರಿಕೆ, ಕೊತ್ತಂಬರಿ, ಜಗಳ ಮೂರೂ ಓಡಾಡುತ್ತವೆ. ಕಳೆದ ಚುನಾವಣೆಗೆ ಮುಂಚೆ ಒಂದು ಬೆಳಿಗ್ಗೆ ನಾನು ಅವರಿಗೆ ಈ ಸಲ ಓಟು ಹಾಕುವುದೇ ಇಲ್ಲ ಎಂದು ಘೋಷಿಸಿಬಿಟ್ಟೆ. ಅವರು ಬೆಚ್ಚಿದರು. ಎದುರಾಳಿ ಕಣದಿಂದಲೇ ಎದ್ದುಹೋದರೆ ಯಾರಿಗೆ ತಾನೆ ರುಚಿಸುತ್ತದೆ?

ಆದರೆ ನಾನು ಓಟು ಹಾಕದಿದ್ದರೂ ದುರುಗತ್ತೆಯ ಓಟು ಬಿಡುವಂತಿರಲಿಲ್ಲ. ದುರುಗತ್ತೆ ನನ್ನ ಅಪ್ಪನ ಅಕ್ಕ. ಈಗ ಕಂಪ್ಲಿಯಲ್ಲಿ ಮಗಳ ಮನೆಯಲ್ಲಿ ಮೊಮ್ಮಕ್ಕಳ ಮೇಲೆ ದರ್ಬಾರು ಮಾಡಿಕೊಂಡಿದ್ದಾಳೆ. ಓಟು ಮಾತ್ರ ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲೇ ಇದೆ. ಕಂಪ್ಲಿಗೆ ಬದಲಾಯಿಸಿಕೊಡುತ್ತೇವೆಂದು ಮಗಳು ಗೋಗರೆದಳು, ಒಪ್ಪಲಿಲ್ಲ. ವಯಸ್ಸಾದವರ ಮನೆಗೇ ಬಂದು ಓಟು ಬರೆಸಿಕೊಳ್ಳುವ ಏರ್ಪಾಡಿದೆ ಎಂದರೆ, ಅದಕ್ಕೆ ನನಗಿನ್ನೂ ವಯಸ್ಸಾಗಿಲ್ಲ ಎಂದಳು. ಆಕೆಗೆ ಬಂಡ್ರಿಯ ಸಾಲಿನಲ್ಲೇ ನಿಲ್ಲಬೇಕು.

ಬಂಡ್ರಿ ಎಂದರೆ ನನಗೆ ಬೇಸಿಗೆ ರಜೆ. ಬಿಳಿ ಲಂಗ ಹಾಕಿಕೊಂಡು ಹೋದರೆ ವಾರದಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಅತ್ತೆ ಆಗ ಗಣಿಯಲ್ಲಿ ಅದಿರು ಹೊರುತ್ತಿದ್ದಳು. ಸಂಜೆ ಬಂದು ತಲೆಗೆ ನೀರು ಹಾಕಿಕೊಂಡರೆ ಬಚ್ಚಲ ನೀರು ಕೆಂಪಗೆ ಹರಿದು ಅಂಗಳದ ಬದನೆ ಗಿಡದ ಬುಡ ಸೇರುತ್ತಿತ್ತು. ಚುನಾವಣೆ ಬಂತೆಂದರೆ ನಮಗೆ ಹಬ್ಬ. ಜೀಪುಗಳು ಧೂಳೆಬ್ಬಿಸಿಕೊಂಡು ಬಂದು ಬಣ್ಣದ ಕಾಗದ ತೂರುತ್ತಿದ್ದವು. ನಾವು ಎಲ್ಲ ಪಕ್ಷಗಳ ಕಾಗದವನ್ನೂ ಭೇದವಿಲ್ಲದೆ ಆಯ್ದು ಅತ್ತೆಗೆ ಕೊಡುತ್ತಿದ್ದೆವು. ಆಕೆ ಅದನ್ನು ಒಲೆ ಹೊತ್ತಿಸಲು ಬಳಸುತ್ತಿದ್ದಳು, ಯಾವ ಪಕ್ಷದ್ದು ಜಲ್ದಿ ಹೊತ್ತಿಕೊಳ್ಳುತ್ತದೆ ಎಂದು ನಮಗೆ ತೋರಿಸುತ್ತಲೂ ಇದ್ದಳು.

ಒಂದು ಸಲ ಓಣಿಯ ಮಕ್ಕಳೆಲ್ಲ ಜೀಪು ಹತ್ತಿದರು, ನಾನೂ ಹತ್ತಿ ಬಾನೆಟ್ಟಿನ ಮೇಲೆ ಬಾವುಟ ಹಿಡಿದು ಕೂತೆ. ಜೀಪು ನಮ್ಮ ಓಣಿ ದಾಟುವುದರೊಳಗೆ ಅತ್ತೆ ಅಡ್ಡ ಬಂದು ನಿಂತಿದ್ದಳು. ಎಲ್ಲರ ಎದುರಿಗೆ ನನ್ನ ರಟ್ಟೆ ಹಿಡಿದು ಇಳಿಸಿದಳು. ಉಳಿದ ಮಕ್ಕಳಿಗೆ ಆಮೇಲೆ ಪೆಪ್ಪರಮೆಂಟು ಸಿಕ್ಕಿತು ಎಂದು ತಿಳಿದಾಗ ನಾನು ಅತ್ತದ್ದೇ ಅತ್ತದ್ದು. ರೊಟ್ಟಿ ತಟ್ಟುತ್ತಾ ಅತ್ತೆ ಹೇಳಿದ್ದು ಇಷ್ಟೇ.

"ಗಾಡಿ ಹತ್ತೋದು ಸಸ್ತಾ ಮಗಳ, ಇಳಿಯೋದು ತುಟ್ಟಿ."

ಅದರ ಅರ್ಥ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಊರಲ್ಲಿ ಒಂದು ಲೆಕ್ಕವಿತ್ತು, ಈಗಲೂ ಇದೆ. ಓಟಿನ ದಿನ ಯಾರ ಗಾಡಿಯಿಂದ ಇಳಿಯುತ್ತೀರೋ ಅವರ ಮನುಷ್ಯರು ನೀವು. ಹಾಗೆ ಮತದಾರರನ್ನು ಹೊತ್ತು ತರುವಂತಿಲ್ಲ ಎಂದು ನಿಯಮವೇನೋ ಇದೆ, ನಿಯಮ ಊಟಕ್ಕೆ ಕೂತ ಹೊತ್ತು ನೋಡಿ ಜೀಪುಗಳು ಓಡುತ್ತವೆ. ಒಳಗೆ ಹೋಗಿ ಯಾವ ಗುಂಡಿ ಒತ್ತಿದರೂ ಋಣ ಮಾತ್ರ ಗಾಡಿಯದ್ದೇ. ಮುಂದೆ ನಲ್ಲಿಯ ಮಾತು, ಮನೆಯ ಮಾತು ಬಂದಾಗ ಅವತ್ತು ನಮ್ಮ ಗಾಡಿ ಹತ್ತಿದ್ದಿ ಎನ್ನುತ್ತಾರೆ. ಅತ್ತೆ ಒಂದು ಸಲವೂ ಹತ್ತಲಿಲ್ಲ. ನಡೆದಳು, ಇಲ್ಲವೇ ಕೆಂಪು ಬಸ್ಸಿಗೆ ಬಂದಳು. ಈಗ ಮಂಡಿ ಕೈಕೊಟ್ಟಿದೆ. ಅದಕ್ಕೇ ನಾನು, ಯೋಚನೆ ಬ್ಯಾಡ, ನಮ್ಮದೇ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ, ಯಾರ ಹಂಗೂ ಇಲ್ಲ ಎಂದು ಮಾತು ಕೊಟ್ಟೆ. ಕಾರು ಕೊಂಡದ್ದು ಸಾರ್ಥಕವಾಗುವ ದಿನ ಅದೇ ಎಂದು ನನಗೆ ಅನಿಸಿತ್ತು.

ಓಟಿನ ಹಿಂದಿನ ದಿನ ಕಂಪ್ಲಿಗೆ ಹೋಗಿ ಕರೆತಂದೆ. ದಾರಿಯಲ್ಲಿ ಹಂಪಿಗೆ ಹೋಗೋಣ ಎಂದಳು. ಹೊಳೆಯ ದಂಡೆಯಲ್ಲಿ ಕೂತು ಬಾಳೆಹಣ್ಣು ತಿಂದು ಎದ್ದು ಬಂದವಳು ಕಾರಿನ ಬಾಗಿಲನ್ನು ಅಂಗೈಯಿಂದ ಸವರಿದಳು. ಇದಕ್ಕೆ ಕಬ್ಬಿಣ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಇದ್ದರೂ ಇರಬಹುದು, ನಮ್ಮ ಸಂಡೂರು ಗುಡ್ಡದ್ದೇ ಎಂದೆ. ಆಕೆ ಇನ್ನೊಮ್ಮೆ ಸವರಿದಳು. ಕಂಪನಿಯವರು ಎಷ್ಟು ಬೈಸಿಕೊಂಡರೂ, ಆ ಕಾರು ಆ ಗಳಿಗೆಯಲ್ಲಿ ನನಗೆ ಬಹಳ ಹೆಮ್ಮೆಯದಾಗಿ ಕಂಡಿತು. ಹೊತ್ತವಳೇ ಕೂತು ಹೋಗುವ ಕಾಲ ಬಂತಲ್ಲ.

ಮನೆಗೆ ಬಂದು ವೈರು ಚುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಕಾಲು ಭಾಗಕ್ಕಿಂತ ತುಸು ಮೇಲೆ ನಿಂತಿತ್ತು. ಕರೆಂಟಿನವರಿಗೊಂದು, ಕಂಪನಿಗೊಂದು, ದಿಲ್ಲಿಗೊಂದು ಎಂದು ಬೈಗಳು ಹಂಚಿದೆ. ಆದರೂ ಕಾರಿನ ಪರದೆಯೇ ಬಂಡ್ರಿಗೆ ಸಾಕು, ಮಿಗುತ್ತದೆ ಎಂದು ಹೇಳುತ್ತಿತ್ತು. ಬೈಯುತ್ತಲೇ ನಂಬುವುದು ನನ್ನ ಹಳೆಯ ಚಾಳಿ. ಅತ್ತೆ ರೊಟ್ಟಿಯ ಗಂಟು, ಚಟ್ನಿಯ ಡಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಪದ್ಮಾಬಾಯಿಯವರು ಕಾಂಪೌಂಡಿನಿಂದ ಕೈಬೀಸಿದರು.

ಸಂಡೂರಿನ ಏರು ಹತ್ತುವಾಗ ಪರದೆ ಮಾತು ಬದಲಾಯಿಸಿತು. ಸಂಡೂರಿನಲ್ಲಿ ಚಾರ್ಜು ಮಾಡುವ ಜಾಗ ಹುಡುಕೋಣವೆಂದು ಫೋನಿನ ನಕ್ಷೆ ನೋಡಿದರೆ ಅದು ನನ್ನನ್ನು ಬೀಗ ಹಾಕಿದ ಒಂದು ಷೆಡ್ಡಿಗೆ ಕರೆದೊಯ್ದಿತು. ಎಸಿ ಬಂದ್ ಮಾಡಿದೆ. ರೇಡಿಯೋ ಬಂದ್ ಮಾಡಿದೆ. ಉಸಿರು ಬಿಗಿ ಹಿಡಿದರೆ ಕಾರಿಗೆ ಹಗುರಾದೀತೇನೋ ಎಂಬಂತೆ ಅದನ್ನೂ ಹಿಡಿದೆ. ಭೌತಶಾಸ್ತ್ರ ಓದಿದವಳು! ಬಂಡ್ರಿಯ ನೀರಿನ ಟ್ಯಾಂಕು ದೂರದಲ್ಲಿ ಕಾಣುತ್ತಿರುವಾಗ, ಒಂದು ಜಾಲಿಮರದ ಪಕ್ಕ, ಕಾರು ಯಾವ ಸದ್ದೂ ಇಲ್ಲದೆ ನಿಂತಿತು. ಸದ್ದಿಲ್ಲದೆ ಓಡುವುದು ಅದರ ಗುಣ ಎಂದು ಪುಸ್ತಿಕೆಯಲ್ಲಿತ್ತು. ನಿಲ್ಲುವುದೂ ಹಾಗೆಯೇ ಎಂದು ಬರೆದಿರಲಿಲ್ಲ.

ಕಂಪನಿಗೆ ಫೋನು ಮಾಡಿದೆ. ನನ್ನ ಮಾತು ಅವರಿಗೆ ಬಹಳ ಮುಖ್ಯವಾಗಿತ್ತು, ಸಂಗೀತ ಹಾಕಿದರು. ಕೊನೆಗೆ ಒಬ್ಬ ಸಿಕ್ಕಿ, ಗಾಡಿ ಎಳೆಯುವ ಲಾರಿ ಸಂಜೆಗೆ ಬರಬಹುದು ಎಂದ. ಅತ್ತೆ ಬಾಗಿಲು ತೆರೆದು ಕೋಲು ಊರಿ ಇಳಿದೇಬಿಟ್ಟಳು. ನಡೆಯುತ್ತಾಳಂತೆ. ಆ ಬಿಸಿಲಿಗೆ, ಆ ಮಂಡಿಯಲ್ಲಿ. ನಾನು ಕೈ ಹಿಡಿದು ನಿಲ್ಲಿಸಿಕೊಂಡೆ. ನನಗೆ ಅಳು ಬಂದಿತ್ತು, ನಿಜವಾಗಿ. ನಾನು ಕೊಟ್ಟ ಮಾತು ಅಂಗೈಯಗಲದ ಪರದೆಯ ಮೇಲೆ ಸೊನ್ನೆಯಾಗಿ ಮಿನುಗುತ್ತಿತ್ತು.

ಅಷ್ಟರಲ್ಲಿ ಒಂದು ಜೀಪು ಬಂತು. ಕೊರಳಿಗೆ ಶಾಲು ಹಾಕಿದ ಕಾರ್ಯಕರ್ತರು ಇಳಿದು, ಬರ್ರಿ ಅವ್ವಾ, ಬಿಟ್ಟು ಬರ್ತೀವಿ ಎಂದರು. ಅದರ ಹಿಂದೆಯೇ ಇನ್ನೊಂದು ಪಕ್ಷದ ಜೀಪು, ಅವರದು ಬೇರೆ ಬಣ್ಣದ ಶಾಲು, ಮಾತು ಅದೇ. ಎರಡೂ ಜೀಪಿನ ಬಾಗಿಲು ತೆರೆದೇ ಇದ್ದವು. ಎರಡರಲ್ಲೂ ನೆರಳಿತ್ತು, ತಣ್ಣನೆಯ ನೀರಿನ ಬಾಟಲಿಯಿತ್ತು. ಒಂದು ಕ್ಷಣ ನಾನೇ ಹತ್ತಿಬಿಡು ಅತ್ತೆ ಎನ್ನಲು ಬಾಯಿ ತೆರೆದಿದ್ದೆ. ಆಕೆ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ. ಬಾನೆಟ್ಟಿನ ಮೇಲಿಂದ ಇಳಿಸಿದ ದಿನದ ನೋಟವೇ ಅದು.

ಒಲ್ಲೆ ಎಂದು ಆಕೆ ಮೆತ್ತಗೆ ಹೇಳಿದಳು. ಮೊದಲ ಜೀಪಿನವರು ಸೋಲಲಿಲ್ಲ. ಹಂಗಾದರೆ ನಿಮ್ಮ ಗಾಡಿಯನ್ನೇ ತಳ್ಳಿಕೊಂಡು ಹೋಗುತ್ತೇವೆ, ಕುಂದರ್ರಿ ಎಂದು ಹಿಂದೆ ಹೋಗಿ ಕೈಯಿಟ್ಟರು. ಎರಡನೆಯವರಿಗೆ ಇರುಸುಮುರುಸಾಯಿತು. ತಳ್ಳಿಸಿಕೊಂಡು ಹೋದರೂ ಓಟು ಅವರದೇ ಆದೀತಲ್ಲ. ಅತ್ತೆ ಕಾರಿನಲ್ಲಿ ಕೂರಲಿಲ್ಲ. ಕೋಲನ್ನು ರಸ್ತೆಗೆ ಊರಿ ಇಬ್ಬರನ್ನೂ ಬಾರಿಬಾರಿಗೆ ನೋಡಿದಳು.

"ಒಬ್ರ ಕೈ ಹಚ್ಚಂಗಿದ್ರ ಬ್ಯಾಡ್ರಪ್ಪ. ಇಬ್ರೂ ಹಚ್ಚಂಗಿದ್ರ ಹಚ್ರಿ. ಆವಾಗ ಯಾರ ಋಣಾನೂ ಆಗಂಗಿಲ್ಲ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಎಷ್ಟೆಂದರೂ ಒಂದೇ ಸೀಮೆಯವರು. ಎಡಗಡೆ ಒಂದು ಬಣ್ಣದ ಶಾಲು, ಬಲಗಡೆ ಇನ್ನೊಂದು. ಗೇರನ್ನು ನ್ಯೂಟ್ರಲ್ಲಿಗೆ ತರುವಷ್ಟು ಜೀವ ಕಾರಿನಲ್ಲಿ ಇನ್ನೂ ಇತ್ತು. ಸ್ಟೇರಿಂಗು ಒರಳುಕಲ್ಲಿನಷ್ಟು ಭಾರ. ಅತ್ತೆ ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತಳು. ಹೀಗೆ ನಾವು ಬಂಡ್ರಿ ಪ್ರವೇಶ ಮಾಡಿದೆವು. ಕಟ್ಟೆಯ ಮೇಲಿದ್ದವರು ಎದ್ದು ನಿಂತು ನೋಡಿದರು. ಇವರು ಯಾರ ಕಡೆಯವರು ಎಂದು ಅವರಿಗೆ ಬಗೆಹರಿಯಲಿಲ್ಲ. ಅತ್ತೆಗೆ ಬೇಕಾದದ್ದೂ ಅದೇ.

ಅರ್ಧ ದಾರಿಯಲ್ಲಿ ನಾನು ಮತ್ತೆ ಕಂಪನಿಯನ್ನೂ ದಿಲ್ಲಿಯನ್ನೂ ಬೈಯತೊಡಗಿದೆ. ಅತ್ತೆ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಡಬ್ಬಿಯನ್ನು ಮಡಿಲಲ್ಲಿ ಸರಿಮಾಡಿಕೊಂಡು, ಅವರನ್ನು ಬೈಯುವುದು ಬೈಯಿ, ಆದರೆ ರಾತ್ರಿ ಎದ್ದು ಆ ಕಿತ್ತಳೆ ವೈರು ಕಿತ್ತು ಶೇಂಗಾ ಚಟ್ನಿ ಮಾಡಿದವಳು ನಾನು ಎಂದಳು. ಊರಿಗೆ ಬರಿಗೈಯಲ್ಲಿ ಹೋಗುವುದು ಹೇಗೆ? ತಿರುಗಿ ಚುಚ್ಚಲು ಹೋದಳಂತೆ, ಯಾವ ಕಡೆಯಿಂದ ಚುಚ್ಚಬೇಕೋ ತಿಳಿಯದೆ ಬಿಟ್ಟಳಂತೆ. ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ಸಾಸಿವೆಯಷ್ಟೂ ಪಶ್ಚಾತ್ತಾಪ ಇರಲಿಲ್ಲ. ನನಗೆ ನಗು ತಡೆಯದೆ ಕಾರು ಚರಂಡಿಯ ಕಡೆ ಹೊರಳಿತ್ತು, ತಳ್ಳುವವರು ಕೂಗಿ ಎಚ್ಚರಿಸಿದರು.

ಮತಗಟ್ಟೆ ಇದ್ದ ಶಾಲೆಯ ಮುಂದೆ ಸುಣ್ಣದ ಗೆರೆ ಎಳೆದಿದ್ದರು. ಅದರಾಚೆ ಗಾಡಿ ಹೋಗುವಂತಿಲ್ಲ, ಶಾಲೂ ಹೋಗುವಂತಿಲ್ಲ. ತಳ್ಳಿದವರು ಶಾಲು ತೆಗೆದು ಬೆವರು ಒರೆಸಿಕೊಂಡರು. ಆಮೇಲೆ ಯಾರು ಯಾವ ಕಡೆಯವರೋ ನನಗೂ ಗುರುತು ಸಿಗಲಿಲ್ಲ. ಅತ್ತೆ ಅವರಿಗೆ ರೊಟ್ಟಿಯ ಗಂಟು, ಚಟ್ನಿ ಕೊಟ್ಟು, ನನ್ನ ಕೈ ಬೇಡವೆಂದು, ಕೋಲು ಊರುತ್ತಾ ಹೆಂಗಸರ ಸಾಲಿನ ಕೊನೆಗೆ ಹೋಗಿ ನಿಂತಳು. ವಯಸ್ಸಾದವರು ಮುಂದೆ ಹೋಗಬಹುದು ಎಂದು ಪೊಲೀಸಿನವರು ಕರೆದರು, ಹೋಗಲಿಲ್ಲ.

ಆ ಸಾಲಿನ ಕಥೆಯನ್ನು ಅತ್ತೆ ಬಹಳ ಸಲ ಹೇಳಿದ್ದಾಳೆ. ಮೊದಲ ಸಲ ಓಟು ಹಾಕಲು ಬಂದಾಗ ಆಕೆ ಗಣಿಯಿಂದ ನೇರ ಬಂದಿದ್ದಳು, ತಲೆಗೂದಲವರೆಗೆ ಕೆಂಪು. ಊರಿನಲ್ಲಿ ನಮ್ಮ ಕೇರಿಯವರು ಗೌಡರ ಮನೆಯ ಅಂಗಳಕ್ಕೂ ಕಾಲಿಡುವಂತಿರಲಿಲ್ಲ, ನೀರನ್ನು ಮೇಲಿಂದ ಹೊಯ್ಯುತ್ತಿದ್ದರು. ಅವತ್ತು ಅದೇ ಗೌಡರ ಹೆಂಡತಿ ಬಂದು ಅತ್ತೆಯ ಹಿಂದೆ ನಿಂತರು. ಬೇರೆ ಸಾಲು ಇರಲಿಲ್ಲ. ಆಕೆಯ ನೆರಳು ಇವಳ ಮೇಲೆ ಬಿತ್ತು.

"ಆಕಿನೂ ಸರೀಲಿಲ್ಲ, ನಾನೂ ಸರೀಲಿಲ್ಲ" ಎಂದು ಅತ್ತೆ ಪ್ರತಿ ಸಲ ಅಲ್ಲಿಗೆ ಕಥೆ ನಿಲ್ಲಿಸುತ್ತಾಳೆ. ಯಾರು ಗೆದ್ದರು, ಏನು ಕೊಟ್ಟರು, ಏನು ಕೊಡಲಿಲ್ಲ ಎನ್ನುವುದು ಆಕೆಯ ಕಥೆಯಲ್ಲಿ ಬರುವುದೇ ಇಲ್ಲ.

ಶಾಯಿ ಹಚ್ಚಿದ ಬೆರಳನ್ನು ಕೋಲಿನ ಮೇಲೆ ಎದ್ದು ಕಾಣುವಂತೆ ಇಟ್ಟುಕೊಂಡು ಅತ್ತೆ ಹೊರಗೆ ಬಂದಳು. ಆ ಬೆರಳು ನೋಡಿದಾಗ ನನ್ನ ಘೋಷಣೆ ನನಗೇ ಹುಳಿ ಹುಳಿ ಎನಿಸಿತು. ಕಾರನ್ನು ಹಿಟ್ಟಿನ ಗಿರಣಿಯ ಪ್ಲಗ್ಗಿಗೆ ಸಿಕ್ಕಿಸಿ, ಅತ್ತೆಯನ್ನು ಆಕೆಯ ತಂಗಿಯ ಮನೆಯಲ್ಲಿ ಬಿಟ್ಟು, ನಾನು ಹೊಸಪೇಟೆಯ ಬಸ್ಸಿಗೆ ಓಡಿದೆ. ಬಸ್ಸು ಸಂಡೂರಿನಲ್ಲಿ ನಿಂತಿತು, ಗುಡ್ಡ ಇಳಿಯುವಾಗ ಅದಿರಿನ ಲಾರಿಗಳ ಹಿಂದೆ ತೆವಳಿತು. ನಿಂತುಕೊಂಡೇ ಬಂದೆ. ಹೊತ್ತು ಇಳಿಯುತ್ತಿತ್ತು, ಮತಗಟ್ಟೆಯ ಬಾಗಿಲು ಮುಚ್ಚುವ ಮುಂಚೆ ತಲುಪುತ್ತೇನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಓಟು ಹಾಕುವುದಿಲ್ಲ ಎಂದವಳ ಎದೆ ಅದು.

ಹೊಸಪೇಟೆಯ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಪದ್ಮಾಬಾಯಿಯವರು, ಒಂದು ದೊಡ್ಡ ಕಾರಿನ ಮುಂದಿನ ಸೀಟಿನಲ್ಲಿ. ಬಾವುಟ ಬಿಚ್ಚಿದ್ದರೂ ಅದು ಯಾರ ಕಾರು ಎಂದು ಊರಿಗೆಲ್ಲ ಗೊತ್ತು. ಬೆಳಗಿನಿಂದ ಓಣಿಯ ಹೆಂಗಸರನ್ನೆಲ್ಲ ಸಾಗಿಸಿದ್ದಾರೆ. ಆ ಗಡಿಬಿಡಿಯಲ್ಲಿ ಸ್ವಂತ ಓಟು ಉಳಿದೇಹೋಗಿದೆ.

"ಹತ್ತು ಸುಜಾತಾ, ಹೊತ್ತಾಗ್ಯದ" ಎಂದರು.

ಬಾಗಿಲು ತೆರೆದಿತ್ತು. ಎಸಿಯ ತಂಪು ಕಾಲಿಗೆ ಬಡಿಯಿತು. ನನ್ನ ಕಾಲು ಬೊಬ್ಬೆ ಎದ್ದಿತ್ತು. ಬ್ಯಾಡ್ರಿ ಬಾಯಾರ, ನಡೆದು ಹೋಗ್ತೀನಿ ಎಂದೆ. ಅವರು ನನಗೆ ಬಿಸಿಲು ಬಡಿದಿದೆ ಎಂದುಕೊಂಡರು. ನಾಲ್ಕು ಹೆಜ್ಜೆ ಹಾಕುವುದರೊಳಗೆ ಹಿಂದೆ ಕಾರಿನ ಬಾಗಿಲು ಬಡಿದ ಸದ್ದು, ಅವರ ಚಪ್ಪಲಿಯ ಸದ್ದು. ಹುಚ್ಚು ಹಿಡದದ ನಿನಗ, ನಿನ್ನ ಕಾರು ಬಿಟ್ಟು ಬಸ್ಸಿಗೆ ಬಂದಿ, ಈ ಕಾರು ಏನು ಮಾಡಿತ್ತು ಎಂದು ಗೊಣಗುತ್ತಾ ಅವರೂ ನನ್ನ ಜೊತೆ ನಡೆದರು. ದಾರಿಯುದ್ದಕ್ಕೂ ದಿಲ್ಲಿಯ ವಿಷಯಕ್ಕೆ ಜಗಳ ಮಾಡಿಕೊಂಡೇ ಹೋದೆವು. ಸುಣ್ಣದ ಗೆರೆಯ ಹತ್ತಿರ ಇಬ್ಬರೂ ಬಾಯಿ ಮುಚ್ಚಿದೆವು.

ಯಾರಿಗೆ ಹಾಕಿದೆ ಎಂದು ನೀವು ಕೇಳಬಾರದು. ಪದ್ಮಾಬಾಯಿಯವರು ಇವತ್ತಿಗೂ ಕೇಳುತ್ತಿದ್ದಾರೆ. ಕಂಪನಿಯ ಪೆಟ್ಟಿಗೆ ಬಂದಿಲ್ಲ, ಹೆದ್ದಾರಿಯ ಕೇಂದ್ರಕ್ಕೆ ಕರೆಂಟು ಬಂದಿಲ್ಲ, ಗೆದ್ದವರು ಈ ಕಡೆ ಬಂದಿಲ್ಲ. ನನ್ನ ಸಿಟ್ಟು ಅಷ್ಟೇ ಇದೆ, ಹೊಸದಾಗಿ ಒಂದು ಅರ್ಜಿಯನ್ನೂ ಹಾಕಿದ್ದೇನೆ. ಓಟು ಹಾಕಿದವಳು ಬೈದರೆ ಅದಕ್ಕೊಂದು ತೂಕ ಇರುತ್ತದೆ ಎಂದು ಈಗ ಬೈಯುವಾಗ ಗಂಟಲು ಇನ್ನೂ ಸ್ವಲ್ಪ ತೆರೆಯುತ್ತದೆ.

ಅವತ್ತು ಮನೆಗೆ ಬಂದು ಬಂಡ್ರಿಗೆ ಫೋನು ಹಚ್ಚಿದೆ. ಕಾರು ಚಾರ್ಜು ಆಯಿತೇ ಎಂದು ನಾನು ಕೇಳುವ ಮೊದಲೇ ಅತ್ತೆ ಕೇಳಿದಳು.

"ಸಾಲಿನಾಗ ನಿನ್ನ ಹಿಂದ ಯಾರಿದ್ರು?"

ಪದ್ಮಾಬಾಯಾರು ಎಂದೆ.

"ಸರಿದ್ರೇನು?"

"ಇಲ್ಲತ್ತಿ. ಬಾಗ್ಲಾ ಮುಚ್ಚತೈತಿ ಅಂತ ಬೆನ್ನಿಗೆ ಕೈ ಹಚ್ಚಿ ನನ್ನ ಮುಂದಕ್ಕ ತಳ್ಳಿದ್ರು."

ಆ ಕಡೆ ಅತ್ತೆ ನಕ್ಕಳು. ಕಾರಿನಂಗ ನಿನ್ನನ್ನೂ ತಳ್ಳಿ ಒಳಗ ಹಾಕಿದ್ರು ಅನ್ನು ಎಂದು, ಪಕ್ಕದಲ್ಲಿದ್ದ ತಂಗಿಗೂ ಅದನ್ನು ಹೇಳಿ, ಇನ್ನೊಮ್ಮೆ ನಕ್ಕಳು.